ಕೆಂಪು ಕಲ್ಲಿನ ಮೇಲೆ ಆರು ಹೋಲ್: ಬೀದರ್ ಹತ್ತಿರ ಗಾಲ್ಫ್ ಮೈದಾನ ಕಟ್ಟಿದ ಬಗೆ

ಬೀದರ್ ಸುತ್ತಮುತ್ತ ಕೆಂಪು ಕಲ್ಲಿನ ನೆಲ. ಜಂಬಿಟ್ಟಿಗೆ ಅಂತಾರಲ್ಲ, ಅದೇ. ಮೇಲೆ ಗೇಣುದ್ದ ಮಸಾರಿ ಮಣ್ಣು, ಕೆಳಗೆ ಬಂಡೆ. ಎಷ್ಟೋ ಕಡೆ ಆ ಗೇಣು ಮಣ್ಣೂ ಇರುವುದಿಲ್ಲ. ಮಳೆಗಾಲದಲ್ಲಿ ಒಂದಿಷ್ಟು ಹೆಸರು, ಉದ್ದು ಬರುತ್ತದೆ. ಆಮೇಲೆ ಮುಂದಿನ ಮಳೆಯ ತನಕ ನೆಲ ಒಣಗಿ ಬಿದ್ದಿರುತ್ತದೆ. ಇಂಥ 14 ಎಕರೆಯಲ್ಲಿ ನಾವು ಆರು ಹೋಲ್‌ಗಳ ಸಣ್ಣ ಗಾಲ್ಫ್ ಮೈದಾನ ಕಟ್ಟಿದ್ದೇವೆ. ಹೋಲ್ ಅಂದರೆ ಚೆಂಡು ಬೀಳಿಸುವ ಗುಂಡಿ, ಅದರ ತನಕದ ಆಟದ ಜಾಗಕ್ಕೂ ಅದೇ ಹೆಸರು. ಹೇಗೆ ಕಟ್ಟಿದೆವು, ಏನನ್ನು ಕೈಬಿಟ್ಟೆವು, ಯಾಕೆ ಕೈಬಿಟ್ಟೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಕಲ್ಲು ನೆಲ ಇರುವ ಬೇರೆಯವರಿಗೂ ಇದು ಉಪಯೋಗಕ್ಕೆ ಬರಬಹುದು. ಗಾಲ್ಫೇ ಆಗಬೇಕೆಂದಿಲ್ಲ. ಶಾಲೆಯ ಮೈದಾನ, ತೋಟ, ಯಾವುದಾದರೂ ಸರಿ.

ನಾನು ಪೈಪ್‌ಲೈನ್ ಮತ್ತು ಹನಿ ನೀರಾವರಿ ಕೆಲಸ ಮಾಡುವವನು. ಜಮೀನಿನ ಮಾಲೀಕರು ಸೇನೆಯಿಂದ ನಿವೃತ್ತರಾದವರು. ಕಂಟೋನ್ಮೆಂಟ್‌ಗಳಲ್ಲಿ ಆಡಿ ಆಟ ಕಲಿತವರು. ಊರಿನ ಹುಡುಗರಿಗೂ ಕಲಿಸಬೇಕು ಅನ್ನುವುದು ಅವರ ಆಸೆ. ಜಮೀನನ್ನು ಎನ್‌ಎ ಮಾಡಿಸುವ ಕೆಲಸ, ಅಂದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ, ಅವರೇ ಮುಗಿಸಿದ್ದರು. ನನ್ನ ಪಾಲಿಗೆ ಬಂದದ್ದು ನೆಲ, ನೀರು, ಹುಲ್ಲು.

ಪೂರ್ತಿ 18 ಹೋಲ್‌ಗಳ ಮೈದಾನಕ್ಕೆ ಸಾಮಾನ್ಯವಾಗಿ 100 ಎಕರೆಗೂ ಜಾಸ್ತಿ ಜಾಗ ಬೇಕು. ನಮ್ಮಲ್ಲಿ ಅಷ್ಟಿಲ್ಲ. ಆದರೆ 18 ಅನ್ನುವುದೇನು ಮೊದಲಿಂದ ಇದ್ದ ಲೆಕ್ಕವಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲೇ 1764ರ ತನಕ ಒಂದು ಸುತ್ತು ಅಂದರೆ 22 ಹೋಲ್ ಇತ್ತು. ನಾವು ಆರೇ ಸಾಕು ಅಂದುಕೊಂಡೆವು. ಆರೂ ಪಾರ್-3. ಅಂದರೆ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ನುಣುಪು ಜಾಗ, ತಲುಪಬೇಕು. ಆಮೇಲೆ ಎರಡು ಪಟ್, ಅಂದರೆ ಚೆಂಡನ್ನು ಗುಂಡಿಯತ್ತ ಮೆಲ್ಲಗೆ ಉರುಳಿಸುವ ಹೊಡೆತ. ಅತಿ ಚಿಕ್ಕದು 85 ಮೀಟರ್, ಅತಿ ಉದ್ದದ್ದು 160 ಮೀಟರ್. ಕಲ್ಲು ನೆಲಕ್ಕೆ ಪಾರ್-3 ಬಹಳ ಒಗ್ಗುತ್ತದೆ. ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮತ್ತು ಗ್ರೀನ್ ನಡುವಿನ ಜಾಗದ ಮೇಲೆ ಚೆಂಡು ಹಾರಿ ಹೋಗುತ್ತದೆ, ಬೀಳಲೇಬೇಕು ಅಂತಿಲ್ಲ. ಅಲ್ಲಿ ಬಂಡೆ ಇದ್ದರೆ ಇರಲಿ. ಅದನ್ನು ಒಡೆಯುವ ಖರ್ಚು ಪೂರ್ತಿ ಉಳಿಯಿತು.

ಗುಂಡಿ ತೋಡಿ ನೀರು ತುಂಬಿದ್ದು

ನಕ್ಷೆ ಬರೆಯುವ ಮೊದಲು ನೆಲ ನೋಡಬೇಕು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಹಾಗಾಗಿ ಡ್ರೋನ್ ಹಾರಿಸಿ ಸರ್ವೆ ಮಾಡುವ ಯೋಚನೆಯನ್ನೇ ಬಿಟ್ಟೆವು. ಹಗ್ಗ, ಗೂಟ, ಕಬ್ಬಿಣದ ಸರಳು ತೆಗೆದುಕೊಂಡು ನಡೆದೆವು. ಪ್ರತಿ 25 ಮೀಟರಿಗೆ ಒಂದು ಸಲ ಸರಳನ್ನು ಸುತ್ತಿಗೆಯಿಂದ ಬಡಿದು ಮಣ್ಣಿನ ಆಳ ಅಳೆಯುವುದು. 10 ಸೆಂ.ಮೀ. ಒಳಗೇ ಕಲ್ಲು ಸಿಕ್ಕರೆ ಕೆಂಪು ಬಣ್ಣದ ಗೂಟ. 30 ಸೆಂ.ಮೀ. ತನಕ ಹೋದರೆ ಹಳದಿ. ಅದಕ್ಕೂ ಕೆಳಗೆ ಇಳಿದರೆ ಬಿಳಿ. ಸ್ವಲ್ಪ ಅಭ್ಯಾಸ ಆದಮೇಲೆ ಸದ್ದಲ್ಲೇ ಗೊತ್ತಾಗುತ್ತದೆ. ಗಟ್ಟಿ ಪದರಕ್ಕೆ ತಾಗಿದರೆ ಟಣ್ ಅನ್ನುತ್ತದೆ, ಕೈ ಜುಮ್ಮೆನ್ನುತ್ತದೆ. ಕೆಳಗೆ ಜಿಗುಟು ಮಣ್ಣಿದ್ದರೆ ಸದ್ದೇ ಸತ್ತುಹೋಗುತ್ತದೆ. ಸಂಜೆ ಹೊತ್ತಿಗೆ ಇಡೀ ಹೊಲ ಬಣ್ಣಬಣ್ಣದ ಗೂಟ. 

ಆಮೇಲೆ ಗ್ರೀನ್ ಬರಬಹುದಾದ ಕಡೆಗಳಲ್ಲೆಲ್ಲ ಮೊಣಕಾಲುದ್ದ ಗುಂಡಿ ತೋಡಿಸಿದೆವು. ಸಂಜೆ ಟ್ಯಾಂಕರ್ ತರಿಸಿ ಎಲ್ಲದಕ್ಕೂ ತುಂಬ ನೀರು ಬಿಟ್ಟೆವು. ದಿಬ್ಬದ ಮೇಲಿನ ಗುಂಡಿಗಳಲ್ಲಿ ನೀರು ನೋಡನೋಡುತ್ತಲೇ ಇಳಿದುಹೋಯಿತು. ಟ್ಯಾಂಕರ್ ಹಿಂತಿರುಗುವಷ್ಟರಲ್ಲಿ ತಳ ಕಾಣುತ್ತಿತ್ತು. ಕೆಳಗಿನ ಗುಂಡಿಗಳಲ್ಲಿ ಮರುದಿನ ಮಧ್ಯಾಹ್ನವೂ ನೀರು ನಿಂತೇ ಇತ್ತು. ಒಂದೇ ಹೊಲ, ಒಂದೇ ಕಲ್ಲು, ಇಷ್ಟು ವ್ಯತ್ಯಾಸ.

ಕಾರಣ ಹೀಗಿದೆ. ಜಂಬಿಟ್ಟಿಗೆ ಕಲ್ಲಿನ ಮೈತುಂಬ ತೂತು, ಸಂದು, ಬಿರುಕು. ಮಳೆ ನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಹೋದ ಹಾಗೆ ಕಲ್ಲು ಮೆತ್ತಗಾಗಿ ಬಿಳಿ, ಹಳದಿ ಬೆರೆತ ಜಿಗುಟು ಮಣ್ಣು ಸಿಗುತ್ತದೆ. ಅದರ ಕೆಳಗೆ ಕರಿಕಲ್ಲು, ಅಂದರೆ ದಖ್ಖನ್ನಿನ ಬಸಾಲ್ಟ್. ಜಿಗುಟು ಮಣ್ಣು ನೀರನ್ನು ಕೆಳಕ್ಕೆ ಬಿಡುವುದಿಲ್ಲ. ನೀರು ಅದರ ಮೇಲೆಯೇ ಅಡ್ಡಕ್ಕೆ ಹರಿದು ಎಲ್ಲೋ ಒಂದು ಕಡೆ ಹೊರಗೆ ಬರುತ್ತದೆ, ಇಲ್ಲವೇ ಯಾರದೋ ಬಾವಿಗೆ ಸೇರುತ್ತದೆ. ಬಹಮನಿ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ನೆಲದೊಳಗೆ ಇಳಿದ ಇದೇ ನೀರನ್ನು ಸುರಂಗ ಕೊರೆದು, ಮೇಲಿಂದ ಗಾಳಿ ಬಾವಿಗಳನ್ನು ತೋಡಿ, ಇಳಿಜಾರಿನಲ್ಲಿ ಊರಿಗೆ ಹರಿಸಿಕೊಂಡಿದ್ದರು. ಪಂಪ್ ಇಲ್ಲ, ಕರೆಂಟ್ ಇಲ್ಲ. ಬೀದರ್‌ನಲ್ಲಿ ನೀರಿನ ಕೆಲಸ ಮಾಡುವ ಪ್ರತಿಯೊಬ್ಬರೂ ಒಂದು ಸಲವಾದರೂ ಅಲ್ಲಿ ಹೋಗಿ ನಿಲ್ಲಬೇಕು.

ಈ ಗುಂಡಿಗಳೇ ನಮ್ಮ ಮೈದಾನದ ನಕ್ಷೆ ಬರೆದವು. ನೀರು ಬೇಗ ಇಳಿಯುವ ಜಾಗ ಹುಲ್ಲಿನ ಗ್ರೀನ್‌ಗೆ ಒಳ್ಳೆಯದು ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ. ಯಾಕೆಂದರೆ ಗ್ರೀನ್‌ನಲ್ಲಿ ನೀರು ನಿಲ್ಲಬಾರದು. ಆದರೆ ಅಲ್ಲಿ ಹಾಕಿದ ನೀರೂ ಹೋಗುತ್ತದೆ, ಗೊಬ್ಬರವೂ ಹೋಗುತ್ತದೆ. ಅದೆಲ್ಲ ಕೊನೆಗೆ ಸೇರುವುದು ಕೆಳಗಿನವರು ಕುಡಿಯುವ ಬಾವಿಗೆ. ಆದ್ದರಿಂದ ಉಲ್ಟಾ ಮಾಡಿದೆವು. ನೀರು ನಿಲ್ಲುವ ಕೆಳಗಿನ ಮೂರು ಜಾಗಗಳಲ್ಲಿ ಹುಲ್ಲಿನ ಗ್ರೀನ್. ಹೆಚ್ಚಾದ ನೀರನ್ನು ಪೈಪ್ ಹಾಕಿ ಹಿಡಿದು ಮತ್ತೆ ಹೊಂಡಕ್ಕೆ ತರುವುದು. ನೀರು ಬೇಗ ಇಳಿಯುವ ಮೇಲಿನ ಮೂರು ಜಾಗಗಳಲ್ಲಿ ಹುಲ್ಲೇ ಬೇಡ, ಬ್ರೌನ್ ಮಾಡುವುದು. ಬ್ರೌನ್ ಅಂದರೆ ಉಸುಕಿನ ಗ್ರೀನ್. ಅದರ ವಿಷಯ ಮುಂದೆ ಬರುತ್ತದೆ.

ನೀರಿನ ಲೆಕ್ಕ

ಮಾಲೀಕರಿಗೆ ಮೊದಲು ಆರೂ ಗ್ರೀನ್ ಹಸಿರಾಗಿರಬೇಕು, ನಡುವೆಯೂ ಹುಲ್ಲು ಇರಬೇಕು ಅನ್ನುವ ಮನಸ್ಸಿತ್ತು. ಟಿವಿಯಲ್ಲಿ ನೋಡುವ ಮೈದಾನ ಹಾಗೇ ಇರುತ್ತದಲ್ವಾ. ನಾನು ಕಾಗದ ಹಿಡಿದು ಕೂತೆ. 1 ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ನೀರು ಅಂದರೆ 1 ಲೀಟರ್. ಬೇಸಿಗೆಯಲ್ಲಿ ಗರಿಕೆ ಜಾತಿಯ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ಅಂತ ಹಿಡಿಯೋಣ. ನಡುವಿನ ಜಾಗ ಬರೀ 4 ಎಕರೆ ಅಂದುಕೊಂಡರೂ 16,000 ಚದರ ಮೀಟರ್. ದಿನಕ್ಕೆ 80,000 ಲೀಟರ್. 5,000 ಲೀಟರಿನ ಟ್ಯಾಂಕರ್ 16 ಬೇಕು. ಅದೂ ಪ್ರತಿ ದಿನ. ಅಕ್ಕಪಕ್ಕದ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಜನ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಕಣ್ಣೆದುರು ಆಟಕ್ಕೆ 16 ಟ್ಯಾಂಕರ್ ನೀರು ಸುರಿಯುವುದು ತಪ್ಪು. ಇದನ್ನು ನಾನು ಮಾಲೀಕರಿಗೆ ನೇರವಾಗಿಯೇ ಹೇಳಿದೆ. ಅವರು ಒಂದೇ ಮಾತಿಗೆ ಒಪ್ಪಿದರು.

ಉಳಿದದ್ದು ಗ್ರೀನ್. ಒಂದು ಗ್ರೀನ್ 300 ಚದರ ಮೀಟರ್. ದಿನಕ್ಕೆ 1,500 ಲೀಟರ್. ಮೂರಕ್ಕೆ 4,500. ನೀರಿಗೆ ನಮ್ಮದೇ ಕೃಷಿ ಹೊಂಡ: ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ನಾಲ್ಕೂ ಕಡೆ ಒಂದಕ್ಕೆ ಒಂದರ ಇಳಿಜಾರು (1 ಮೀಟರ್ ಇಳಿದರೆ 1 ಮೀಟರ್ ಒಳಕ್ಕೆ). ತುಂಬಿದರೆ ಸುಮಾರು 9.8 ಲಕ್ಷ ಲೀಟರ್. ತಳಕ್ಕೆ 500 ಮೈಕ್ರಾನ್ ದಪ್ಪದ ಶೀಟ್. ಬೇಸಿಗೆಯ ಬಿಸಿಲಿಗೆ ಇಷ್ಟು ಅಗಲದ ನೀರಿನಿಂದ ದಿನಕ್ಕೆ 3,000 ಲೀಟರ್ ಆವಿಯಾಗಿ ಹೋಗುತ್ತದೆ ಅಂತ ಹಿಡಿದರೂ, ಫೆಬ್ರುವರಿಯಿಂದ ಜೂನ್ ಮೊದಲ ಮಳೆಯ ತನಕ ತಳ್ಳಬಹುದು. ಬೀದರ್‌ನಲ್ಲಿ ವರ್ಷಕ್ಕೆ 850 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಹೊಂಡ ತುಂಬುವುದು ಕಷ್ಟವಲ್ಲ, ಕಾಪಾಡಿಕೊಳ್ಳುವುದೇ ಕಷ್ಟ. ಟೀ ಜಾಗಗಳಲ್ಲಿ ಹುಲ್ಲು ಬೇಡ, ಕೃತಕ ಹುಲ್ಲಿನ ಮ್ಯಾಟ್ ಸಾಕು ಅಂತ ನಿರ್ಧಾರ ಆದದ್ದೂ ಇದೇ ಲೆಕ್ಕದಿಂದ.

ಕಲ್ಲು ಕೊಯ್ದದ್ದು

ಹುಲ್ಲಿನ ಗ್ರೀನ್‌ಗೆ 40 ಸೆಂ.ಮೀ. ಆಳ ಬೇಕು. ಮೇಲೆ 30 ಸೆಂ.ಮೀ. ಉಸುಕು, ಕೆಳಗೆ 10 ಸೆಂ.ಮೀ. ಜಲ್ಲಿ. ಇದು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಹೇಳುವ ವಿಧಾನ. ಲೋಕದ ತುಂಬ ಜನ ಇದನ್ನೇ ಅನುಸರಿಸುತ್ತಾರೆ. ನಮ್ಮಲ್ಲಿ ಆ 40 ಸೆಂ.ಮೀ. ಪೂರ್ತಿ ಕಲ್ಲು.

ಮದ್ದು ಹಾಕಿ ಸಿಡಿಸಲು ಪರವಾನಗಿ ಬೇಕು. ಅದಕ್ಕಿಂತ ಹೆಚ್ಚಾಗಿ, ಸಿಡಿಸಿದರೆ ಕೆಳಗಿನ ಪದರಕ್ಕೆಲ್ಲ ಬಿರುಕು ಬೀಳುತ್ತದೆ. ನೀರು ನಿಲ್ಲುವ ಜಾಗ ಅಂತ ಆರಿಸಿಕೊಂಡದ್ದೇ ವ್ಯರ್ಥವಾಗುತ್ತದೆ. ಜೆಸಿಬಿಗೆ ಬ್ರೇಕರ್ ಹಾಕಿ ಒಡೆಯುವುದು ಇನ್ನೊಂದು ದಾರಿ. ಒಂದು ಮೂಲೆಯಲ್ಲಿ ಒಡೆಸಿ ನೋಡಿದೆವು. ಪುಡಿ ಜಾಸ್ತಿ, ಆಕಾರ ಇಲ್ಲ, ಕಲ್ಲು ಯಾವುದಕ್ಕೂ ಬರುವುದಿಲ್ಲ.

ಜಂಬಿಟ್ಟಿಗೆಯ ಗುಣವೇ ಬೇರೆ. ನೆಲದೊಳಗೆ ತೇವ ಇರುವಾಗ ಅದು ಮೆತ್ತಗಿರುತ್ತದೆ, ಕೊಯ್ಯಲು ಬರುತ್ತದೆ. ಗಾಳಿ, ಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಹಾಗಾಗಿ ಮಳೆಗಾಲ ಮುಗಿದ ಕೂಡಲೇ ಕೆಲಸ ಹಿಡಿದೆವು. ಕಲ್ಲಿನ ಗಣಿಗಳಲ್ಲಿ ಇಟ್ಟಿಗೆ ಆಕಾರಕ್ಕೆ ಕೊಯ್ಯುವ ಚಕ್ರದ ಮಷಿನ್ ಇರುತ್ತದಲ್ಲ, ಅದನ್ನೇ ಬಾಡಿಗೆಗೆ ತಂದೆವು. ಉದ್ದಕ್ಕೆ ಗೆರೆ, ಅಡ್ಡಕ್ಕೆ ಗೆರೆ, ಆಮೇಲೆ ಹಾರೆ ಹಾಕಿ ಎಬ್ಬಿಸುವುದು. ಹೊಸದಾಗಿ ಎದ್ದ ಕಲ್ಲಿನ ಮೈ ನೋಡಬೇಕು. ಕೆಂಪು, ಹಳದಿ, ಅಲ್ಲಲ್ಲಿ ನೇರಳೆ ಬಣ್ಣದ ಮಚ್ಚೆ. ತೂತುಗಳಲ್ಲಿ ತೇವದ ಮಣ್ಣು ತುಂಬಿಕೊಂಡು ಉಗುರಲ್ಲಿ ಕೆರೆದರೂ ಬರುತ್ತದೆ. ಅದೇ ಕಲ್ಲು ಬಿಸಿಲಲ್ಲಿ ಇಟ್ಟು ಬೇಸಿಗೆ ಕಳೆದರೆ ಉಳಿಗೂ ಬಗ್ಗುವುದಿಲ್ಲ.

ಕೊಯ್ದ ಅಂಚಿಗೆ ಗೋಡೆ ಕಟ್ಟಬೇಕೇ ಅಂತ ಒಂದು ಪ್ರಶ್ನೆ ಬಂತು. ಅದಕ್ಕೆ ಉತ್ತರ ಬೀದರ್ ಕೋಟೆಯಲ್ಲೇ ಇದೆ. 15ನೇ ಶತಮಾನದಲ್ಲಿ ಇದೇ ಕಲ್ಲನ್ನು ಕಡಿದು ಮೂರು ಸಾಲಿನ ಕಂದಕ ಮಾಡಿದ್ದಾರೆ. ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟಿದ್ದಾರೆ. ಅದು ಇವತ್ತಿಗೂ ನೆಟ್ಟಗೆ ನಿಂತಿದೆ. ನಮ್ಮದು ಬರೀ 40 ಸೆಂ.ಮೀ. ಗೋಡೆಯ ಮಾತು ಅಲ್ಲಿಗೆ ಮುಗಿಯಿತು.

ಮೂರು ಗ್ರೀನ್‌ಗಳಿಂದ ಸುಮಾರು 360 ಘನ ಮೀಟರ್ ಕಲ್ಲು ಬಂತು. ಒಂದನ್ನೂ ಹೊರಗೆ ಸಾಗಿಸಲಿಲ್ಲ. ಒಳ್ಳೆಯ ಕಲ್ಲುಗಳಿಂದ ಆರು ಟೀ ಕಟ್ಟೆಗಳಾದವು. ಒಳಗೆ ಗರಸು ತುಂಬಿ, ರೋಲರ್ ಓಡಿಸಿ, ಮೇಲೆ ಮ್ಯಾಟ್. ಮುರಿದ ಕಲ್ಲು ಒಡ್ಡಿಗೆ ಹೋಯಿತು. ಪುಡಿಯನ್ನು ಜರಡಿ ಹಿಡಿದು ಬ್ರೌನ್‌ಗೆ ಇಟ್ಟುಕೊಂಡೆವು.

ತಳದ ಇಳಿಜಾರನ್ನು ನೋಡಿದ್ದು ನೀರಿನ ಪೈಪ್ ಲೆವೆಲ್ ಹಿಡಿದು. ಪಾರದರ್ಶಕ ಪೈಪ್, ಒಳಗೆ ನೀರು, ಎರಡು ತುದಿಯಲ್ಲಿ ಇಬ್ಬರು. ಇದಕ್ಕಿಂತ ಸುಲಭದ, ನಂಬಿಕೆಯ ಉಪಕರಣ ನನಗೆ ಗೊತ್ತಿಲ್ಲ. ಮೇಲ್ಮೈ ಎಲ್ಲಿ ಹೇಗೆ ಏರಿಳಿಯುತ್ತದೋ ತಳವೂ ಹಾಗೇ ಏರಿಳಿಯಬೇಕು. ಆಗ ಮಾತ್ರ ಉಸುಕಿನ ದಪ್ಪ ಎಲ್ಲ ಕಡೆ 30 ಸೆಂ.ಮೀ. ಇರುತ್ತದೆ. ದಪ್ಪ ಕಡಿಮೆ ಇರುವ ಕಡೆ ಹುಲ್ಲು ಕೊಳೆಯುತ್ತದೆ, ಜಾಸ್ತಿ ಇರುವ ಕಡೆ ಒಣಗುತ್ತದೆ.

ತಳದಲ್ಲಿ ಕಾಲುವೆ ಕೊರೆದು 4 ಇಂಚಿನ ತೂತು ಪೈಪ್ ಹಾಕಿದೆವು. ಸಾಲಿನಿಂದ ಸಾಲಿಗೆ 5 ಮೀಟರ್ ಒಳಗೇ ಇರಬೇಕು. ಪೈಪಿಗೆ ಬಟ್ಟೆ ಸುತ್ತಬಾರದು, ಸಣ್ಣ ಮಣ್ಣು ಕೂತು ಬಟ್ಟೆಯೇ ಕಟ್ಟಿಕೊಳ್ಳುತ್ತದೆ. ಎಲ್ಲ ಸಾಲುಗಳೂ ಒಂದು ಮುಖ್ಯ ಪೈಪಿಗೆ ಸೇರಿ, ಅದು ಇಳಿಜಾರಿನ ಕಡೆಯಿಂದ ಹೊರಬಂದು ಹೊಂಡಕ್ಕೆ ಬೀಳುತ್ತದೆ. ಕಲ್ಲಿನಲ್ಲಿ ಗುಂಡಿ ಕೊಯ್ದು ಹೊರದಾರಿ ಕೊಡದಿದ್ದರೆ ಒಂದೇ ಮಳೆಗೆ ಉಸುಕೆಲ್ಲ ಕೆಸರಾಗುತ್ತದೆ. ಹೀಗಾಗಿ ಜಲ್ಲಿಗಿಂತ ಮೊದಲು ಈ ಪೈಪ್‌ಗಳಿಗೆ ಮೇಲಿಂದ ನೀರು ಬಿಟ್ಟು, ಹೊಂಡದ ತುದಿಯಲ್ಲಿ ಧಾರೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಕ್ಕೆ ಹೋದೆವು.

ಉಸುಕು ಆರಿಸುವುದು

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ತಲೆಬಿಸಿ ಕೊಟ್ಟದ್ದು ಕಲ್ಲಲ್ಲ, ಉಸುಕು. ಮೂರು ಗ್ರೀನ್‌ಗೆ 270 ಘನ ಮೀಟರ್, ಅಂದರೆ ಸುಮಾರು 95 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಉಸುಕಿನ ಕಾಳು ಹೆಚ್ಚಿನ ಪಾಲು ಕಾಲು ಮಿ.ಮೀ.ಯಿಂದ 1 ಮಿ.ಮೀ. ಒಳಗೆ ಇರಬೇಕು. ಹೂಳು 5 ಶೇಕಡಕ್ಕಿಂತ, ಜೇಡಿ 3 ಶೇಕಡಕ್ಕಿಂತ ಜಾಸ್ತಿ ಇರಬಾರದು. ಹಾಗಿದ್ದರೆ ಮಾತ್ರ ಗಂಟೆಗೆ 150 ಮಿ.ಮೀ. ನೀರು ಇಳಿಯುತ್ತದೆ.

ಬಂದ ಪ್ರತಿ ಟಿಪ್ಪರ್‌ನಿಂದ ಒಂದು ಹಿಡಿ ಉಸುಕು ತೆಗೆದು ಗಾಜಿನ ಬಾಟಲಿಗೆ ಹಾಕುತ್ತಿದ್ದೆವು. ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ, ಸುಮ್ನೆ ಇಡುವುದು. ಉಸುಕು ತಕ್ಷಣ ತಳಕ್ಕೆ ಕೂರುತ್ತದೆ. ಅದರ ಮೇಲೆ ಹೂಳಿನ ತೆಳು ಪದರ ನಿಧಾನವಾಗಿ ಕೂರುತ್ತದೆ. ಜೇಡಿ ಇದ್ದರೆ ನೀರು ಗಂಟೆಗಟ್ಟಲೆ ಕದಡಿಕೊಂಡೇ ಇರುತ್ತದೆ. ಒಂದು ಕಡೆಯಿಂದ ಬಂದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಉಸುಕು) ತೊಳೆದದ್ದು ಅಂತ ಹೇಳಿ ಕಳಿಸಿದ್ದರು. ಬಾಟಲಿಯಲ್ಲಿ ಬೆರಳು ದಪ್ಪ ಹೂಳು ಕೂತಿತು. ಟಿಪ್ಪರ್‌ಗಳನ್ನು ಗೇಟಿನಿಂದಲೇ ವಾಪಸು ಕಳಿಸಿದೆವು. ಜಗಳ ಆಯಿತು. ಆದರೆ ಗ್ರೀನ್ ಒಳಗೆ ಒಂದು ಸಲ ಹೋದ ಜೇಡಿಯನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಕೊನೆಗೆ ನಮ್ಮ ಕಣ್ಣೆದುರೇ ಎರಡು ಸಲ ತೊಳೆಸಿ, ಜರಡಿ ಹಿಡಿಸಿ ತಂದ ಉಸುಕನ್ನೇ ಬಳಸಿದ್ದು. ಅಂತಿಮವಾಗಿ ಆರಿಸಿದ ಮಾದರಿಯನ್ನು ಲ್ಯಾಬಿಗೆ ಕಳಿಸಿ ಖಾತ್ರಿ ಮಾಡಿಕೊಂಡೆವು.

ಉಸುಕಿಗೆ ಹತ್ತರಲ್ಲಿ ಒಂದು ಪಾಲು ಚೆನ್ನಾಗಿ ಕಳಿತ, ಸೋಸಿದ ತಿಪ್ಪೆಗೊಬ್ಬರ ಬೆರೆಸಿದೆವು. ಕೆಳಗಿನ ಪದರಕ್ಕೆ 6ರಿಂದ 10 ಮಿ.ಮೀ. ಕರಿಕಲ್ಲಿನ ಜಲ್ಲಿ. ಉಸುಕು, ಜಲ್ಲಿ ಅಂತ ಎರಡು ಪದರ ಯಾಕೆ ಅಂತ ಬಹಳ ಜನ ಕೇಳಿದರು. ಸಣ್ಣ ಕಾಳಿನ ಉಸುಕು ತನ್ನ ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ದೊಡ್ಡ ಜಲ್ಲಿಯ ಸಂದಿಗೆ ಆ ನೀರು ಸುಲಭವಾಗಿ ಇಳಿಯುವುದಿಲ್ಲ. ಉಸುಕು ಪೂರ್ತಿ ತುಂಬಿದ ಮೇಲೆ ಮಾತ್ರ ಇಳಿಯುತ್ತದೆ. ಹೀಗೆ ಜೋರು ಮಳೆಗೆ ಹೆಚ್ಚಿನದು ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ಬೇರಿನ ಹತ್ತಿರ ತೇವ ಉಳಿಯುತ್ತದೆ. ನೀರು ಕಡಿಮೆ ಇರುವ ನಮ್ಮಂಥ ಕಡೆ ಈ ಎರಡನೇ ಲಾಭವೇ ದೊಡ್ಡದು.

ಬ್ರೌನ್

ಹುಲ್ಲಿಲ್ಲದ ಗ್ರೀನ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಹೇಳಬೇಕಾದದ್ದು ಇಷ್ಟು: ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ನಂ. 2 ಮೈದಾನದಲ್ಲಿ 1930ರ ದಶಕದ ನಡುವಿನ ತನಕ ಉಸುಕಿನ ಗ್ರೀನ್‌ಗಳೇ ಇದ್ದವು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೂಬರ್ ಪೀಡಿ ಅನ್ನುವ ಗಣಿ ಊರಿದೆ. ಅಲ್ಲಿನ ಮೈದಾನದಲ್ಲಿ ಇವತ್ತಿಗೂ ಹುಲ್ಲಿಲ್ಲ. ಆಡುವವರು ಕೃತಕ ಹುಲ್ಲಿನ ತುಂಡೊಂದನ್ನು ಕೈಯಲ್ಲೇ ಒಯ್ಯುತ್ತಾರೆ. ಚೆಂಡು ಎಲ್ಲಿ ಬಿತ್ತೋ ಅಲ್ಲಿ ತುಂಡು ಹಾಸಿ, ಅದರ ಮೇಲಿಂದ ಹೊಡೆಯುತ್ತಾರೆ. ನೆಲ ಕೊಟ್ಟದ್ದರಲ್ಲಿ ಆಡುವುದು ಈ ಆಟದ ಹಳೆಯ ಗುಣ.

ನಮ್ಮ ಒಂದೊಂದು ಬ್ರೌನ್ 8 ಮೀಟರ್ ತ್ರಿಜ್ಯದ ವೃತ್ತ, ಸುಮಾರು 200 ಚದರ ಮೀಟರ್. ಬಂಡೆಯ ಮೇಲಿನ ಉಬ್ಬುಗಳನ್ನು ಮಾತ್ರ ತೆಗೆದು, ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಿದೆವು. ನಡುಭಾಗ ಚೂರು ಎತ್ತರ, ನೀರು ಸುತ್ತಲೂ ಹರಿದುಹೋಗಲಿ ಅಂತ. ಅದರ ಮೇಲೆ 4 ಸೆಂ.ಮೀ. ಉಸುಕಿನ ಪದರ.

ಗಾಳಿಗೆ ಉಸುಕು ಹಾರದಿರಲಿ ಅಂತ ಹಳೆಯ ಇಂಜಿನ್ ಆಯಿಲ್ ಬೆರೆಸುವುದು ಎಷ್ಟೋ ಕಡೆ ರೂಢಿ. ಅಗ್ಗ, ಸುಲಭ. ಒಂದಿಬ್ಬರು ಅದನ್ನೇ ಮಾಡಿ ಅಂತ ಸಲಹೆಯೂ ಕೊಟ್ಟರು. ನಾನು ಖಡಾಖಂಡಿತವಾಗಿ ಬೇಡ ಅಂದೆ. ನೀರು ತುಂಬಿದ ಗುಂಡಿ ಕಣ್ಣೆದುರೇ ಬರಿದಾದ ಜಾಗ ಅದು. ಅಲ್ಲಿ ಸುರಿದ ಆಯಿಲ್ ಮಳೆಯ ಜೊತೆ ನೇರ ಕೆಳಗೆ ಹೋಗುತ್ತದೆ. ಇಂಜಿನ್‌ನಲ್ಲಿ ಸುಟ್ಟ ಆಯಿಲ್‌ನಲ್ಲಿ ಲೋಹದ ಅಂಶ, ಮಸಿ, ಏನೇನೋ ಇರುತ್ತದೆ. ಬಾವಿ ಕೆಟ್ಟರೆ ಸರಿ ಮಾಡುವ ದಾರಿ ಯಾರ ಹತ್ತಿರವೂ ಇಲ್ಲ.

ಬದಲಿಗೆ ಕಲ್ಲು ಕೊಯ್ದಾಗ ಉಳಿದ ಪುಡಿ ಕೈಹಿಡಿಯಿತು. ಮೂರು ಪಾಲು ಉಸುಕು, ಒಂದು ಪಾಲು ಜಂಬಿಟ್ಟಿಗೆ ಪುಡಿ. ತೇವ ಮಾಡಿ ಉರುಳು (ರೋಲರ್) ಓಡಿಸಿದರೆ ಗಟ್ಟಿಯಾಗಿ ಕೂರುತ್ತದೆ. ಚೆಂಡು ಚೆನ್ನಾಗಿ ಉರುಳುತ್ತದೆ. ಪುಡಿ ಇನ್ನೂ ಜಾಸ್ತಿ ಹಾಕಿದರೆ ಒಣಗಿದಾಗ ಬಿರುಕು, ಕಡಿಮೆಯಾದರೆ ಗಾಳಿಗೆ ಹಾರುತ್ತದೆ. ಬೆಳಿಗ್ಗೆ ಒಂದು ಬ್ರೌನ್‌ಗೆ 200 ಲೀಟರ್ ನೀರು ಚಿಮುಕಿಸಿ ಉರುಳು ಎಳೆದರೆ ಸಂಜೆಯ ತನಕ ಸಾಕು. ಹುಲ್ಲಿನ ಗ್ರೀನ್‌ಗೆ ಬೇಕಾದದ್ದರ ಏಳನೇ ಒಂದು ಪಾಲಿಗಿಂತಲೂ ಕಡಿಮೆ. ಪಕ್ಕದಲ್ಲೇ ಒಂದು ಹಲಗೆ ಇಟ್ಟಿದ್ದೇವೆ. ಪಟ್ ಮಾಡುವ ಮೊದಲು ಚೆಂಡಿನಿಂದ ಹೋಲ್ ತನಕ ಅದನ್ನು ಒಂದು ಸಲ ಎಳೆದು ಹೆಜ್ಜೆ ಗುರುತು ಅಳಿಸಿಕೊಳ್ಳಬಹುದು.

ಹೋಲಿನ ಅಳತೆ ಬಗ್ಗೆಯೂ ಹೇಳಬೇಕು. ನಿಯಮದ ಪ್ರಕಾರ ಹೋಲಿನ ವ್ಯಾಸ 108 ಮಿ.ಮೀ., ಆಳ ಕನಿಷ್ಠ 4 ಇಂಚು. ಒಳಗೆ ಕಪ್ ಕೂರಿಸುವುದಾದರೆ ಅದರ ಹೊರ ವ್ಯಾಸವೂ 108 ಮಿ.ಮೀ. ಮೀರಬಾರದು, ಅಂಚು ನೆಲದಿಂದ 1 ಇಂಚು ಕೆಳಗಿರಬೇಕು. ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪ್ 110 ಮಿ.ಮೀ. ಎರಡೇ ಮಿ.ಮೀ. ವ್ಯತ್ಯಾಸ. ಬಿಡಿ, ಯಾರು ಅಳೆಯುತ್ತಾರೆ ಅಂದರು ಕೆಲವರು. ಆದರೆ ಇಲ್ಲಿ ಕಲಿತ ಹುಡುಗ ನಾಳೆ ಬೇರೆ ಕಡೆ ಆಡಬೇಕು. ಅವನಿಗೆ ಸರಿಯಾದ ಅಳತೆಯೇ ಸಿಗಬೇಕು. ಬೀದರ್‌ನ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಕಪ್ ತಿರುಗಿಸಿ ಮಾಡಿಸಿದೆವು. ಹೋಲ್ ಕೊರೆಯುವ ಕಟರ್ ಕೂಡ ಅಲ್ಲೇ ಆಯಿತು.

ಮಣ್ಣು, ಮಳೆ, ಗರಿಕೆ

ಆರೂ ಕಡೆ ಸುತ್ತಲೂ 5 ಮೀಟರ್ ಅಗಲಕ್ಕೆ ಊರ ಗರಿಕೆಯ ಪಟ್ಟಿ. ಇದಕ್ಕೆ ಬೇಸಿಗೆಯಲ್ಲಿ ನೀರು ಕೊಡುವುದಿಲ್ಲ. ಗರಿಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಸಾಯುವುದಿಲ್ಲ. ಮೊದಲ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಹೊಲದ ಬದು ನೋಡಿದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಂಡೆಯ ಮೇಲೆ 15 ಸೆಂ.ಮೀ. ಮಣ್ಣು ಹಾಕಿದೆವು. ಮೂರು ಪಾಲು ಮಸಾರಿ, ಒಂದು ಪಾಲು ಕೆರೆ ಹೂಳು, ಒಂದು ಪಾಲು ತಿಪ್ಪೆಗೊಬ್ಬರ. ಬರೀ ಹೂಳು ಹಾಕಿದರೆ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಬರೀ ಮಸಾರಿ ತೇವ ಹಿಡಿಯುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ರಂಜಕವನ್ನು ಅದು ಹಿಡಿದಿಟ್ಟುಬಿಡುತ್ತದೆ, ಬೇರಿಗೆ ಕೊಡುವುದಿಲ್ಲ. ಆದ್ದರಿಂದ ಗೊಬ್ಬರವನ್ನು ಮೇಲೆ ಎರಚದೆ, ಗರಿಕೆ ನೆಡುವ ಸಾಲಿನಲ್ಲೇ ಬೇರಿನ ಕೆಳಗೆ ಇಟ್ಟೆವು.

ಗರಿಕೆ ಬೇರು ಹಿಡಿಯುವ ಮೊದಲೇ ಜುಲೈನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಐದನೇ ಹೋಲಿನ ಇಳಿಜಾರಿನ ಮಣ್ಣು ಕೊಚ್ಚಿಕೊಂಡು ಹೋಗಿ ಬಂಡೆ ಮತ್ತೆ ಕಾಣಿಸಿಕೊಂಡಿತು. ಕೂಲಿಗೆ ಬಂದ ಹೆಣ್ಣುಮಕ್ಕಳು ನೋಡಿದವರೇ, ಇಳಿಜಾರಿಗೆ ಅಡ್ಡ ಕಲ್ಲಿನ ಸಾಲು ಹಾಕಿ ಅಂದರು. ಅವರ ಹೊಲಗಳಲ್ಲಿ ಅದನ್ನೇ ಮಾಡುವುದು. ಪೈಪ್ ಲೆವೆಲ್ ಹಿಡಿದು ಸಮಪಾತಳಿಯ ಗೆರೆ ಎಳೆದು, ಮುರಿದ ಜಂಬಿಟ್ಟಿಗೆಗಳನ್ನು ಮೊಣಕಾಲಿಗಿಂತ ಕಡಿಮೆ ಎತ್ತರಕ್ಕೆ ಜೋಡಿಸಿದೆವು. ಸಾಲಿನ ಮೇಲ್ಬದಿಗೆ ಲಾವಂಚ ನೆಟ್ಟೆವು. ಕೊಚ್ಚಿಹೋದ ಮಣ್ಣನ್ನು ಕೆಳಗಿನಿಂದ ಬುಟ್ಟಿಯಲ್ಲಿ ಹೊತ್ತು ತಂದು ಮತ್ತೆ ಹರಡಿದೆವು. ಈಗ ಮಳೆ ನೀರು ಸಾಲಿನ ಹಿಂದೆ ನಿಂತು, ಮಣ್ಣು ಬಿಟ್ಟು, ತಿಳಿಯಾಗಿ ಮುಂದೆ ಹೋಗುತ್ತದೆ. ಆ ಹೆಣ್ಣುಮಕ್ಕಳಲ್ಲಿ ಇಬ್ಬರು ಈಗ ಮೈದಾನದ ಕಾಯಂ ಕೆಲಸಗಾರರು.

ಗ್ರೀನ್‌ಗೆ ಊರ ಗರಿಕೆ ಸಾಲದು, ಅಷ್ಟು ಗಿಡ್ಡ ಕತ್ತರಿಸಿದರೆ ತಡೆಯುವುದಿಲ್ಲ. ನರ್ಸರಿಯಿಂದ ಟಿಫ್‌ಡ್ವಾರ್ಫ್ ತಳಿ ತಂದೆವು. ಅದೂ ಗರಿಕೆಯ ಸಂಬಂಧಿಯೇ. ಬಳ್ಳಿಗಳನ್ನು ತುಂಡು ಮಾಡಿ, ಹರಡಿ, ಮೇಲೆ ತೆಳ್ಳಗೆ ಉಸುಕು ಉದುರಿಸಿ ಉರುಳು ಓಡಿಸಿದೆವು. ಈಗ ಕೈಯಿಂದ ತಳ್ಳುವ ರೀಲ್ ಮೂವರ್‌ನಲ್ಲಿ 5 ಮಿ.ಮೀ.ಗೆ ಕತ್ತರಿಸುತ್ತಿದ್ದೇವೆ. ಅಂಚಿನ ಕಡೆಯಿಂದ ಮಳೆಗೆ ಸಣ್ಣ ಕೆಂಪು ಹರಳುಗಳು ತೇಲಿ ಬರುತ್ತವೆ. ಒಂದು ಹರಳು ಸಿಕ್ಕರೂ ಬ್ಲೇಡಿಗೆ ಹಲ್ಲು ಬೀಳುತ್ತದೆ. ಹಾಗಾಗಿ ಕತ್ತರಿಸುವ ಮೊದಲು ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಇಡೀ ಗ್ರೀನ್ ಮೇಲೆ ಕೈಯಾಡಿಸಿ ಆರಿಸಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಆಟ ಶುರುವಾದ ಮೇಲೆ

ಬಂಡೆಗೆ ಬಡಿದ ಚೆಂಡು ಎತ್ತ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಹೊಡೆದವನ ಕಡೆಗೇ ವಾಪಸು ಬರಬಹುದು. ಟೀಯಿಂದ 40 ಮೀಟರ್ ಒಳಗಿನ ನೆಟ್ಟಗಿನ ಬಂಡೆ ಮುಖಗಳಿಗೆಲ್ಲ ಮಣ್ಣು ಸುರಿದು ಇಳಿಜಾರು ಮಾಡಿದ್ದೇವೆ. ಒಬ್ಬರು ಹೊಡೆಯುವಾಗ ಉಳಿದವರು ಹಿಂದಿನ ಕಟ್ಟೆಯ ಮರೆಯಲ್ಲೇ ನಿಲ್ಲಬೇಕು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಸ್ಕೋರ್ ಕಾರ್ಡಿನ ಹಿಂದೆ ಸ್ಥಳೀಯ ನಿಯಮ ಅಚ್ಚು ಹಾಕಿಸಿದ್ದೇವೆ. ಬಿಡಿ ಕಲ್ಲನ್ನು ಎತ್ತಿ ಪಕ್ಕಕ್ಕಿಡಬಹುದು, ಅದು ಎಲ್ಲ ಕಡೆಯೂ ಇರುವ ನಿಯಮವೇ. ಗರಿಕೆ ಪಟ್ಟಿಯಲ್ಲಿ ನೆಲದಿಂದ ಎದ್ದಿರುವ ಬಂಡೆಗೆ ಬಿಳಿ ಗೆರೆ ಎಳೆದು, ರಿಪೇರಿಯಲ್ಲಿರುವ ನೆಲ ಅಂತ ಗುರುತಿಸಿದ್ದೇವೆ. ಚೆಂಡು ಅಲ್ಲಿ ನಿಂತರೆ ಪೆನಾಲ್ಟಿ ಇಲ್ಲದೆ, ಹೋಲಿಗೆ ಹತ್ತಿರವಾಗದ ಹಾಗೆ, ಗೆರೆಯಾಚೆ ಒಂದು ಕ್ಲಬ್ (ಗಾಲ್ಫ್ ಆಡುವ ಕೋಲು) ಉದ್ದದೊಳಗೆ ಬಿಟ್ಟುಕೊಳ್ಳಬಹುದು. ಮಕ್ಕಳ ಮಣಿಕಟ್ಟು, ಕ್ಲಬ್ಬು ಎರಡೂ ಉಳಿಯುತ್ತವೆ.

ಕೃಷ್ಣಮೃಗಗಳು ಬರುತ್ತವೆ ಅಂತ ನಮಗೆ ಗೊತ್ತಿತ್ತು, ಬೀದರ್‌ನ ಬಯಲಲ್ಲಿ ಅವು ಮೊದಲಿಂದ ಇವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿ ಇರುವ ಪ್ರಾಣಿ. ಓಡಿಸುವುದು, ಮುಳ್ಳುತಂತಿ ಹಾಕುವುದು ನಮಗೆ ಬೇಡವಾಗಿತ್ತು. ಹೊಂಡದ ಶೀಟ್ ಮೇಲೆ ಗೊರಸು ಜಾರಿ ಒಳಗೆ ಬಿದ್ದರೆ ಮೇಲೆ ಬರಲಾಗುವುದಿಲ್ಲ. ಹಾಗಾಗಿ ಹೊಂಡಕ್ಕೆ ಮಾತ್ರ ಜಾಲರಿ ಬೇಲಿ, ದೂರದ ಮೂಲೆಯಲ್ಲಿ ಅವುಗಳಿಗೆ ಬೇರೆ ತೊಟ್ಟಿ. ಆದರೂ ಗ್ರೀನ್ ಮೇಲೆ ಗೊರಸಿನ ಗುರುತು ಬೀಳುತ್ತದೆ. 2019ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಪ್ರಾಣಿಗಳ ಹೆಜ್ಜೆ ಗುರುತನ್ನೂ ಪಟ್ ಮಾಡುವ ಮೊದಲು ಸರಿ ಮಾಡಿಕೊಳ್ಳಲು ಅವಕಾಶ ಇದೆ. ನಮಗಿದು ದಿನನಿತ್ಯ ಬೇಕಾಗುವ ನಿಯಮ.

ಭಾನುವಾರ ಬೆಳಿಗ್ಗೆ ಹತ್ತಿರದ ಶಾಲೆಗಳ ಮಕ್ಕಳಿಗೆ ಉಚಿತ. ಹಳೆಯ ಕ್ಲಬ್‌ಗಳನ್ನು ಮಾಲೀಕರು ತಮ್ಮ ಸ್ನೇಹಿತರಿಂದ ಕೂಡಿಸಿ ತಂದಿದ್ದಾರೆ. ಮಕ್ಕಳ ಎತ್ತರಕ್ಕೆ ಕೊಳವೆ ಕತ್ತರಿಸಿ, ಹಿಡಿಕೆ ಬದಲಿಸಿ ಕೊಡುತ್ತೇವೆ. ಬ್ರೌನ್ ಮೇಲೆ ಪಟ್ ಮಾಡುವುದು ಅವರಿಗೇ ಬೇಗ ಕೈಗೆ ಹತ್ತಿತು.

ಬಾಕಿ ಇರುವ ಕೆಲಸ ಇಷ್ಟು. ಎರಡನೇ ಗ್ರೀನ್‌ನ ಪೂರ್ವದ ಅಂಚಿನಲ್ಲಿ ಕಲ್ಲಿನ ಸಂದಿನಿಂದ ಮಳೆಗಾಲದಲ್ಲಿ ಒರತೆ ಬರುತ್ತಿದೆ. ಅಲ್ಲಿ ಅಂಚಿನುದ್ದಕ್ಕೂ ಒಂದು ಅಡ್ಡ ಕಾಲುವೆ ಕೊಯ್ದು, ಆ ನೀರನ್ನೂ ಹೊಂಡದ ಪೈಪಿಗೆ ಸೇರಿಸಬೇಕು. ಹೊಂಡದ ಮೇಲೆ ನೆರಳು ಬಲೆ ಕಟ್ಟಿ ಆವಿಯಾಗುವುದನ್ನು ತಗ್ಗಿಸಬೇಕು. ಬ್ರೌನ್‌ಗಳ ಮೇಲ್ಪದರವನ್ನು ಮಳೆಗೆ ಮುಂಚೆ ಕೆದಕಿ, ಹೊಸ ಪುಡಿ ಬೆರೆಸಿ ಮತ್ತೆ ಉರುಳು ಓಡಿಸಬೇಕು. ಕೆಳಗಿನ ಎರಡು ಬಾವಿಗಳ ನೀರನ್ನು ಕೆಲಸ ಶುರುವಾಗುವ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡಿದ್ದೆವು. ಪ್ರತಿ ವರ್ಷ ಮಳೆಗಾಲದ ನಂತರ ಮತ್ತೆ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಬಾವಿಯ ಮಾಲೀಕರಿಗೆ ತೋರಿಸುತ್ತೇವೆ ಅಂತ ಮಾತು ಕೊಟ್ಟಿದ್ದೇವೆ.